ಗೋವಿಂದಯ್ಯನ ಹೊಲದಲ್ಲಿ ನಿಂತ ಮಂದೆ

ಕಳೆದ ವರ್ಷ ಜನವರಿಯಲ್ಲಿ ನಮ್ಮೂರಿನ ಪಂಚಾಯಿತಿ ಕಚೇರಿಯ ಮುಂದೆ ಆಳೆತ್ತರದ ಕರಿಕಲ್ಲಿನ ಫಲಕ ನಿಲ್ಲಿಸಿದರು. ಮೇಲೆ ‘ಬೀರೇನಹಟ್ಟಿ: ಇತಿಹಾಸ ಮತ್ತು ಭೂಗೋಳ’ ಎಂದು ಚಿನ್ನದ ಬಣ್ಣದ ಅಕ್ಷರ. ಬರೆದವನು ಹೊಸದುರ್ಗದಲ್ಲಿ ಕಾಲೇಜು ಮೇಷ್ಟ್ರಾಗಿರುವ ನಿರಂಜನ್. ಬರೆಸಿದವನು ಅವನ ಅಪ್ಪ, ಎರಡು ಸಲ ಪಂಚಾಯಿತಿ ಅಧ್ಯಕ್ಷನಾಗಿ ಮೆರೆದ ಗೋವಿಂದಯ್ಯ.

ನನ್ನಪ್ಪ ಬೀರಪ್ಪನಿಗೆ ಓದು ಬರುತ್ತಿರಲಿಲ್ಲ. ಧ್ವಜ ಹಾರಿಸಿ ಎಲ್ಲರೂ ಬೂಂದಿ ತಿನ್ನುತ್ತಿದ್ದಾಗ ನನ್ನನ್ನು ಕಲ್ಲಿನ ಮುಂದಕ್ಕೆ ಕರೆದುಕೊಂಡು ಹೋದ. ‘ಓದು ದೇವಿಕಾ. ನಮ್ಮ ಮುತ್ತಜ್ಜನ ಹೆಸರು ಎಲ್ಲೈತೆ ತೋರ್ಸು’ ಎಂದ. ಹೊಸ ಪಂಚೆ ಉಟ್ಟು ಬಂದಿದ್ದ, ಪಾಪ.

ನಾನು ಓದಿದೆ. ಊರು ಕಟ್ಟಿದವರು ಗೋವಿಂದಯ್ಯನವರ ಮುತ್ತಾತನಂತೆ. ಆಮೇಲೆ ಕುರಿ ಕಾಯುತ್ತ ಅಲೆದು ಬಂದ ಕೆಲವು ಕುಟುಂಬಗಳಿಗೆ ಆ ಮಹಾನುಭಾವರು ಆಶ್ರಯ ಕೊಟ್ಟರಂತೆ. ಊರಿಗೆ ನಮ್ಮ ಮುತ್ತಜ್ಜ ಬೀರನ ಹೆಸರು ಯಾಕೆ ಬಂತು ಅನ್ನುವುದಕ್ಕೆ ಮಾತ್ರ ಅಷ್ಟು ದೊಡ್ಡ ಕಲ್ಲಿನಲ್ಲಿ ಜಾಗ ಸಾಲಲಿಲ್ಲವೇನೋ. ಕೆಳಗೆ ನಕ್ಷೆ ಕೆತ್ತಿದ್ದರು. ಉತ್ತರಕ್ಕೆ ಗಾಳಿಯಂತ್ರಗಳ ಗುಡ್ಡ, ದಕ್ಷಿಣಕ್ಕೆ ಆದಿವಾಲದ ಕಡೆ ಹೋಗುವ ದಾರಿ, ಪೂರ್ವಕ್ಕೆ ವೇದಾವತಿ ಸೇರುವ ಹಳ್ಳ, ನಡುವೆ ಗೋವಿಂದಯ್ಯನ ಕೇರಿ. ಕುರಿ ಕಾಯುವ ನಾವು ಹುಟ್ಟಿ ಬೆಳೆದ ಹಟ್ಟಿ ಇರುವ ಜಾಗದಲ್ಲಿ ಒಂದು ಮನೆಯ ಗುರುತೂ ಇರಲಿಲ್ಲ. ಅಲ್ಲಿ ‘ಕುರಿ ಮೇಯುವ ಬಯಲು’ ಎಂದು ಬರೆದಿತ್ತು.

ಅಪ್ಪ ಕೇಳಿಸಿಕೊಂಡ. ‘ಇನ್ನೊಂದ್ಸಲ ಓದು’ ಎಂದ. ಎರಡನೆಯ ಸಲ ಓದುವಾಗ ನನಗೆ ಮೈಯೆಲ್ಲ ಉರಿಯುತ್ತಿತ್ತು. ಗೋವಿಂದಯ್ಯ ಅಲ್ಲೇ ಕುರ್ಚಿಯ ಮೇಲೆ ಕುಳಿತು, ‘ಏನಪ್ಪ ಬೀರಪ್ಪ, ಬೂಂದಿ ತಗಂಡ್ಯಾ?’ ಎಂದು ಕೇಳಿದ. ಆ ಹಲ್ಲುಕಿರಿತವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

ಅದು ಬರೀ ಬರಹಕ್ಕೆ ನಿಂತಿದ್ದರೆ ನುಂಗಿಕೊಳ್ಳಬಹುದಿತ್ತೇನೋ. ನಮ್ಮ ಕಡೆ ಊರು ಕಟ್ಟುವಾಗ ಮೊದಲು ಕರುವುಗಲ್ಲು ನೆಡುತ್ತಾರೆ. ಅದನ್ನು ನೆಟ್ಟ ಮನೆಯವರು ಕಾರಹುಣ್ಣಿಮೆಯ ದಿನ ಮೊದಲ ಕಾಯಿ ಒಡೆಯಬೇಕು, ಆಮೇಲೆ ಊರಿನವರು. ನಮ್ಮೂರಿನ ಕಲ್ಲು ನೆಟ್ಟವನು ನಮ್ಮ ಮುತ್ತಜ್ಜ. ಆ ಕಾಯಿ ನಮ್ಮ ಮನೆಯದು, ಅವನ ಕಾಲದಿಂದಲೂ. ಆ ವರ್ಷ ಅಪ್ಪ ಕಾಯಿ ಎತ್ತುವಷ್ಟರಲ್ಲಿ ಗೋವಿಂದಯ್ಯ ಅಡ್ಡ ನಿಂತ. ‘ಇತಿಹಾಸ ಏನೈತೋ ಹಂಗೇ ನಡೀಬೇಕು. ನಿರಂಜನ ಒಡೀಲಿ ಬಿಡು’ ಎಂದ. ಊರಿನ ದೊಡ್ಡವರು ನೆಲ ನೋಡುತ್ತ ನಿಂತರು. ಅಪ್ಪ ಒಡೆಯದ ಕಾಯನ್ನು ಟವೆಲಿನಲ್ಲಿ ಸುತ್ತಿಕೊಂಡು ಮನೆಗೆ ಬಂದ. ಅಲ್ಲಿಂದ ಅವನಿಗೆ ಊಟ ಸೇರಲಿಲ್ಲ, ಮಂದೆಯ ಕಡೆ ಹೋಗುವುದನ್ನೂ ಬಿಟ್ಟ. ದೀಪಾವಳಿ ನೋಡಲಿಲ್ಲ. ವಯಸ್ಸಾಗಿತ್ತು ಎಂದು ಊರು ಹೇಳಿತು. ಗೋವಿಂದಯ್ಯ ಕೊಂದ ಎಂದು ನಾನು ಹೇಳಿದೆ, ಈಗಲೂ ಹೇಳುತ್ತೇನೆ.

ಗಂಡ ತೀರಿಕೊಂಡ ಮೇಲೆ ತವರಿನಲ್ಲೇ ಇದ್ದವಳು ನಾನು. ತಮ್ಮ ಕನಕರಾಜನ ಜೊತೆ ಕುರಿ ನೋಡಿಕೊಳ್ಳುತ್ತಿದ್ದೆ. ಹೊಲ ಖಾಲಿಯಾದಾಗಲೆಲ್ಲ ರೈತರು ನಮ್ಮನ್ನು ಕರೆದು ಹೊಲದಲ್ಲಿ ಮಂದೆ ನಿಲ್ಲಿಸಿಕೊಳ್ಳುತ್ತಾರೆ. ಕುರಿ ರಾತ್ರಿ ಮಲಗೆದ್ದ ನೆಲಕ್ಕೆ ಹಿಕ್ಕೆ, ಗಂಜಲ ಬಿದ್ದು ಬೇರೆ ಗೊಬ್ಬರವೇ ಬೇಡ. ನಮಗೆ ಕಾಳುಕಡಿ, ಊಟ. ಇದೇ ನಮ್ಮ ಹಟ್ಟಿಯ ಬದುಕು. ಹಿರೇಗುಂಟನೂರಿನಿಂದ ಆದಿವಾಲದವರೆಗೂ ಬೀರೇನಹಟ್ಟಿಯ ಮಂದೆ ಅಂದರೆ ಜನ ಕಣ್ಣುಮುಚ್ಚಿ ಕರೆಯುತ್ತಿದ್ದರು.

ಅದಕ್ಕೆ ಕಾರಣ ಇತ್ತು. ಬೇಸಿಗೆಯಲ್ಲಿ ಹಳ್ಳದ ಬಳ್ಳಾರಿ ಜಾಲಿಯಿಂದ ಹಳದಿ ಕಾಯಿ ಉದುರುತ್ತವೆ. ಸಿಹಿ ಕಾಯಿ, ಕುರಿ ಮುಗಿಬಿದ್ದು ತಿನ್ನುತ್ತವೆ. ಆದರೆ ಬೀಜ ಕರಗುವುದಿಲ್ಲ, ಹಿಕ್ಕೆಯಲ್ಲಿ ಹಾಗೇ ಬೀಳುತ್ತದೆ. ಒಂದು ಮಳೆ ಸಾಕು, ಹೊಲವೆಲ್ಲ ಮುಳ್ಳು. ಹಾಗಾಗಿ ಮಂದೆಗೆ ಹೋಗುವ ಮುಂಚೆ ಕುರಿಗಳನ್ನು ನಾಲ್ಕೈದು ದಿನ ಗುಡ್ಡದ ಹುಲ್ಲಿನಲ್ಲೇ ಮೇಯಿಸಿ ಹೊಟ್ಟೆ ತೆರವು ಮಾಡಿಸುತ್ತೇವೆ. ಹೊಲದವರು ಕೊಡುವ ಎಲೆ ಅಡಿಕೆ ತಗೊಳ್ಳುವಾಗ ‘ಹಸನಾದ ಮಂದೆ ತರ್ತೀವಿ’ ಎಂದು ಮಾತು ಕೊಡಬೇಕು. ಆ ಮಾತಿಗೆ ನಮ್ಮ ಹಟ್ಟಿಯಲ್ಲಿ ಯಾರೂ ತಪ್ಪಿರಲಿಲ್ಲ.

ಈ ಬೇಸಿಗೆಯಲ್ಲಿ ಗೋವಿಂದಯ್ಯ ಎಲೆ ಅಡಿಕೆ ಹಿಡಿದು ನಮ್ಮ ಮನೆಗೇ ಬಂದ. ನಾಚಿಕೆ ಅನ್ನುವುದು ಆ ಮನುಷ್ಯನ ಬಳಿ ಸುಳಿದದ್ದೇ ಇಲ್ಲ.

‘ಹಳ್ಳದ ದಂಡೆ ಹೊಲಕ್ಕೆ ಈರುಳ್ಳಿ ಹಾಕ್ಬೇಕು. ನಿಮ್ಮ ಮಂದೆ ಬೇಕಾಗೈತೆ’ ಎಂದ.

ಕನಕರಾಜ ಬಾಗಿಲು ತೋರಿಸುವವನಿದ್ದ. ನಾನು ಮುಂದೆ ಹೋಗಿ ಎಲೆ ಅಡಿಕೆ ಇಸಕೊಂಡೆ. ‘ಕುಂತ್ಕಳ್ರಿ ಯಜಮಾನ್ರೇ. ಹಸನಾದ ಮಂದೆ ತರ್ತೀವಿ’ ಎಂದೆ. ಗೋವಿಂದಯ್ಯ ನೀರು ಕುಡಿದು ಸಮಾಧಾನದಿಂದ ಹೋದ.

ಅವನು ಮರೆಯಾದ ಮೇಲೆ ತಮ್ಮನಿಗೆ ಹೇಳಿದೆ. ‘ನಾಳೆಯಿಂದ ಕುರೀನ ಹಳ್ಳಕ್ಕೆ ಹೊಡಿ. ಹೊಟ್ಟೆ ತುಂಬಾ ಜಾಲಿಕಾಯಿ ತಿನ್ಲಿ.’

ಅವನು ನನ್ನ ಮುಖವನ್ನೇ ನೋಡಿದ. ‘ಅಕ್ಕ, ಅಪ್ಪ ಇದ್ದಿದ್ರೆ ಈ ಕೆಲಸ ಮಾಡ್ತಿರ್ಲಿಲ್ಲ.’

‘ಅಪ್ಪ ಇಲ್ಲ ಕಣೋ. ಅದಕ್ಕೇ ಮಾಡಾಣ ಅಂತಿರೋದು.’

‘ಮಾತು ಕೊಟ್ಟಿದೀಯ.’

‘ಕೊಟ್ಟೋಳು ನಾನು. ಪಾಪ ಬಂದ್ರೆ ನನಗೇ ಬರ್ಲಿ.’

ಮಂದೆಯನ್ನು ಗೋವಿಂದಯ್ಯನ ಹೊಲದಲ್ಲಿ ನಿಲ್ಲಿಸಿದೆವು. ಇವತ್ತು ಈ ತುದಿ, ನಾಳೆ ಆ ತುದಿ, ಒಂದಂಗುಲ ಬಿಡದೆ. ಹಗಲು ಹಳ್ಳ, ರಾತ್ರಿ ಹೊಲ. ಗೋವಿಂದಯ್ಯನ ಹೆಂಡತಿ ರಂಗಕ್ಕ ದಿನಾ ರೊಟ್ಟಿ, ಹುಚ್ಚೆಳ್ಳು ಚಟ್ನಿ ತಂದುಕೊಡುತ್ತಿದ್ದಳು. ಒಂದು ಸಂಜೆ ಬುಟ್ಟಿ ಇಳಿಸಿ, ‘ಮೊದಲ ಕಾಯಿ ನಿಮ್ಮಪ್ಪಂದೇ ಕಣಮ್ಮ. ನಾನು ಮದುವೆಯಾಗಿ ಬಂದಾಗಿಂದ ಕಂಡೀನಿ. ಎಷ್ಟು ಹೇಳಿದ್ರೂ ಈ ಮನುಷ್ಯ ಕೇಳಲಿಲ್ಲ’ ಎಂದಳು. ಅವಳ ರೊಟ್ಟಿ ತಿಂದೆ, ಮರುದಿನ ಮತ್ತೆ ಕುರಿಗಳನ್ನು ಹಳ್ಳಕ್ಕೇ ಹೊಡೆಸಿದೆ.

ಮಳೆ ಚೆನ್ನಾಗಿಯೇ ಆಯಿತು. ಈರುಳ್ಳಿ ಮೊಳೆಯುವ ಮೊದಲೇ ಜಾಲಿ ಎದ್ದಿತು. ಕಳೆ ತೆಗೆಯಲು ಬಂದ ಹೆಂಗಸರು ಕಿತ್ತಷ್ಟೂ ಚಿಗುರಿತು. ಬೇರು ಕೈಗೆ ಸಿಗುತ್ತಿರಲಿಲ್ಲ, ಮುಳ್ಳು ಮಾತ್ರ ಸಿಗುತ್ತಿತ್ತು. ಕೊನೆಗೆ ಯಾರೂ ಆ ಹೊಲಕ್ಕೆ ಕೂಲಿಗೆ ಬರಲಿಲ್ಲ. ನಾನು ದಿನಾ ಬೇಕೆಂದೇ ಆ ಬದುವಿನ ಮೇಲೆ ನಡೆದು ಹೋಗುತ್ತಿದ್ದೆ. ಮೊಣಕಾಲುದ್ದ ಬೆಳೆದ ಜಾಲಿ ನೋಡಿ ಹೊಟ್ಟೆ ತಣ್ಣಗಾಗುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಅಪ್ಪ ಸತ್ತ ಮೇಲೆ ನನಗೆ ನಿದ್ದೆ ಹತ್ತಿದ್ದೇ ಆಗ.

ಒಂದು ಬೆಳಿಗ್ಗೆ ಗೋವಿಂದಯ್ಯ ಹಟ್ಟಿಯ ನಡುವೆ ಬಂದು ನಿಂತ. ಕೈಯಲ್ಲಿ ಒಂದು ಜಾಲಿ ಗಿಡ, ಬೆರಳಲ್ಲಿ ರಕ್ತ. ‘ಏನಮ್ಮ ಇದು? ಹಸನಾದ ಮಂದೆ ಅಂತ ನೀನೇ ಮಾತು ಕೊಟ್ಟಿದ್ದೆ’ ಎಂದ.

‘ಅಲೆದು ಬಂದೋರ ಮಾತು ನಂಬಿದ್ದು ನಿಮ್ಮ ತಪ್ಪು ಯಜಮಾನ್ರೇ’ ಎಂದೆ. ಹಟ್ಟಿಯವರೆಲ್ಲ ಕೇಳಲಿ ಎಂದೇ ಗಟ್ಟಿಯಾಗಿ ಹೇಳಿದೆ. ಗೋವಿಂದಯ್ಯ ತಲೆ ತಗ್ಗಿಸಿ ಹೋದದ್ದನ್ನು ಕಣ್ಣು ತುಂಬ ನೋಡಿದೆ. ನನ್ನ ಸುತ್ತ ಇದ್ದವರು ಯಾರೂ ನಗುತ್ತಿಲ್ಲ ಎಂಬುದು ಆಗ ನನಗೆ ಕಾಣಲಿಲ್ಲ.

ನಾನೇ ಬಾಯಿಬಿಟ್ಟು ಒಪ್ಪಿಕೊಂಡಿದ್ದೆ, ಇನ್ನು ಸುದ್ದಿ ನಿಲ್ಲುತ್ತದೆಯೇ? ಒಂದು ವಾರದಲ್ಲಿ ಹಿರೇಗುಂಟನೂರು ಮುಟ್ಟಿತು. ದಸರಾ ಕಳೆದ ಮೇಲೆ ಹಟ್ಟಿಯ ಹಿರಿಯ ರೇವಣಸಿದ್ದಪ್ಪ ವಾಡಿಕೆಯಂತೆ ಆದಿವಾಲದ ಕಡೆ ಮಂದೆ ಹೊಡೆದುಕೊಂಡು ಹೋದ. ಸಂಜೆಗೆ ಅಷ್ಟೂ ಕುರಿಗಳೊಂದಿಗೆ ಹಿಂದಿರುಗಿದ. ಅವನು ಮೂವತ್ತು ವರ್ಷದಿಂದ ಮಂದೆ ನಿಲ್ಲಿಸುತ್ತಿದ್ದ ಹೊಲದವರು ಬೇಲಿಯ ಆಚೆಯಿಂದಲೇ ಕೈ ಮುಗಿದರಂತೆ. ‘ಬ್ಯಾಡಪ್ಪ, ಬೀರೇನಹಟ್ಟಿ ಮಂದೆ ಬ್ಯಾಡ’ ಎಂದರಂತೆ. ಮಾತು ಕೆಟ್ಟಿದ್ದು ನನ್ನೊಬ್ಬಳದು. ಹೊಲ ಮುಚ್ಚಿದ್ದು ಇಡೀ ಹಟ್ಟಿಗೆ.

ರೇವಣಸಿದ್ದಪ್ಪ ನನ್ನನ್ನು ಬೈಯಲಿಲ್ಲ. ‘ನಿಮ್ಮಪ್ಪನ ಸಂಕಟ ನಮಗೂ ಇತ್ತು ತಾಯಿ. ಒಂದು ಮಾತು ನಮ್ಮನ್ನೂ ಕೇಳಬೇಕಿತ್ತು’ ಎಂದಷ್ಟೇ ಹೇಳಿದ. ಬೈದಿದ್ದರೆ ಜಗಳವಾಡಬಹುದಿತ್ತು. ಅವನ ಮನೆಯವರು ಕುರಿ ಹೊಡೆದುಕೊಂಡು ದಾವಣಗೆರೆ ದಾಟಿ ಹೋದರು. ಅವರ ಹಿಂದೆ ಇನ್ನೆರಡು ಮನೆ, ಆಮೇಲೆ ಇನ್ನಷ್ಟು. ಒಂದೊಂದಾಗಿ ಬಾಗಿಲಿಗೆ ಬೀಗ ಬಿತ್ತು. ಜನ ಇಲ್ಲದ ಹಟ್ಟಿಯಲ್ಲಿ ಈಗ ಗೋವಿಂದಯ್ಯನ ದನ ಮೇಯುತ್ತವೆ.

ಕೊನೆಗೆ ನಾವೂ ಹೊರಟೆವು. ಹೊಸದುರ್ಗ ಬಳಸಿ, ಹೊರಕೆರೆದೇವರಪುರ ದಾಟಿ ಹೊಳಲ್ಕೆರೆ ಕಡೆಗೆ ಬಂದೆವು. ಎರಡು ದಿನ ರಸ್ತೆ ಬದಿಯಲ್ಲೇ ಕುರಿ ಮಲಗಿಸಿದ್ದಾಯಿತು. ಮೂರನೆಯ ದಿನ ಮೆಕ್ಕೆಜೋಳ ಮುರಿದ ಒಂದು ಹೊಲ ಸಿಕ್ಕಿತು. ಹೊಲದವನು ಉಗ್ರಪ್ಪ ಎಂಬ ವಯಸ್ಸಾದ ಮನುಷ್ಯ, ಮಾತು ಬಹಳ ಮೆದು. ಎಲೆ ಅಡಿಕೆ ಚೀಲ ಬಿಚ್ಚುತ್ತ, ‘ಕುರಿ ಚೆಂದಾಗವೆ. ಯಾವೂರಮ್ಮ ನಿಮ್ದು?’ ಎಂದು ಕೇಳಿದ.

ಕನಕರಾಜ ನನ್ನ ಕಡೆ ನೋಡಿದ. ಹಿಂದೆ ಕುರಿಗಳು ಹಸಿದು ಅರಚುತ್ತಿದ್ದವು. ಆ ಒಂದು ಹೆಸರಿಗಾಗಿಯೇ ಅಪ್ಪ ಕೊರಗಿ ಸತ್ತದ್ದು. ಅದು ನನ್ನ ನಾಲಿಗೆಯ ತುದಿಯವರೆಗೂ ಬಂತು. ಹೇಳಿದರೆ ಈ ಹೊಲವೂ ಇಲ್ಲ.

‘ನಮಗೆ ಊರು ಅಂತ ಯಾವುದೂ ಇಲ್ಲ ಯಜಮಾನ್ರೇ’ ಎಂದೆ. ‘ಕುರಿ ಕಾಯ್ತಾ ಅಲೆದು ಬಂದೋರು.’

ಉಗ್ರಪ್ಪ ತಲೆಯಾಡಿಸಿ ಎಲೆ ಅಡಿಕೆ ಕೊಟ್ಟ. ನಾನು ಕೈ ಚಾಚಿ ತಗೊಂಡೆ.