ನಕ್ಷೆಯಲ್ಲಿ ಇಲ್ಲದ ವೇಗ

ಅಕ್ಕ ತಪ್ಪು ಒಪ್ಪಿಕೊಂಡದ್ದನ್ನು ಆ ಮನೆಯಲ್ಲಿ ಯಾರೂ ಕಂಡಿರಲಿಲ್ಲ. ಚಿಕ್ಕಂದಿನಲ್ಲಿ ಕೇರಂ ಸೋತರೆ ಬೋರ್ಡೇ ಸೊಟ್ಟ ಎಂದು ಎದ್ದುಹೋಗುತ್ತಿದ್ದಳು. ದೊಡ್ಡವಳಾಗಿ ಉಪಗ್ರಹದ ಚಿತ್ರಗಳಿಂದ ಹಿಮನದಿಯ ವೇಗ ಲೆಕ್ಕಹಾಕುವ ಕೆಲಸ ಹಿಡಿದಳು. ಆ ಲೆಕ್ಕ ನಂಬಿಕೊಂಡು ಅದೇ ಹಿಮದ ಮೇಲೆ ತಂಡದ ಜೊತೆ ಡೇರೆ ಹಾಕಿ, ಕಂಬ ನೆಟ್ಟು ಅಳೆಯುವ ಕೆಲಸ ತಮ್ಮನದು. ಅವನನ್ನು ಅವಳು ಕರೆಯುವುದೇ ಮೊಂಡ ಎಂದು.

ಆ ಬೆಳಿಗ್ಗೆ ವರದಿಗೆ ನಕ್ಷೆ ತಯಾರಿಸುತ್ತಿದ್ದಾಗ ಅವಳಿಗೆ ಏಕೋ ಅನುಮಾನ ಬಂತು. ನಕ್ಷೆ ತೀರಾ ನುಣುಪಾಗಿತ್ತು. ಮಿತಿ ಮೀರಿದ ವೇಗವನ್ನೆಲ್ಲ ದೋಷವೆಂದು ಅಳಿಸಿ, ಆ ಜಾಗಕ್ಕೆ ಅಕ್ಕಪಕ್ಕದ ಸರಾಸರಿ ತುಂಬು ಎಂದು ಕಂಪ್ಯೂಟರ್ ಮಾಡೆಲ್‌ಗೆ ಹೇಳಿಕೊಟ್ಟವಳು ಅವಳೇ. ತೇಪೆ ಬಿಚ್ಚಿ ನೋಡಿದಳು. ನಕ್ಷೆಯ ನಡುವೆ ದೊಡ್ಡ ತೂತು, ಚಿತ್ರದಿಂದ ಚಿತ್ರಕ್ಕೆ ಇನ್ನಷ್ಟು ಅಗಲ. ಅಲ್ಲಿ ಹಿಮ ನಿಜವಾಗಿಯೂ ಓಡುತ್ತಿತ್ತು. ಪಾಪ, ಯಂತ್ರ ಹೇಳಿದಂತೆ ಕೇಳಿ ಅದನ್ನೆಲ್ಲ ಒರೆಸಿಹಾಕಿತ್ತು. ತಮ್ಮನ ಡೇರೆ ಇದ್ದದ್ದು ಆ ತೂತಿನ ಅಂಚಿನಲ್ಲಿ.

"ಅವಸರ ಬೇಡಮ್ಮ, ನಾಳೆಯ ಚಿತ್ರ ಬರಲಿ," ಎಂದರು ಅವಳು ತೋರಿಸಿದ್ದನ್ನು ನೋಡಿದ ಕಚೇರಿಯ ಮುಖ್ಯಸ್ಥರು.

ಕಾಯುವ ಮಾತೆಲ್ಲಿ? ತಮ್ಮನ ಉಪಗ್ರಹ ಫೋನಿಗೆ ಕರೆ ಮಾಡಿದಳು.

"ಲೋ ಮೊಂಡ, ಎಲ್ಲರನ್ನೂ ಕರ್ಕೊಂಡು ಪಕ್ಕದ ಬಂಡೆ ಮೇಲೆ ಹೋಗು. ಈಗಲೇ."

"ಕಂಬ ನೆಟ್ಟು ನೆಟ್ಟು ಸೊಂಟ ಬಿದ್ದುಹೋಗಿದೆ ಅಕ್ಕ. ಏನೂ ಭಯ ಇಲ್ಲ ಅಂತ ನಿನ್ನ ಮಾಡೆಲ್ಲೇ ಹೇಳಿತ್ತಲ್ಲ?"

ಚಿತ್ರ ಮಸುಕಾಗಿತ್ತು ಎನ್ನಬಹುದಿತ್ತು. ಮಾತು ನಾಲಿಗೆಯ ತುದಿಗೂ ಬಂತು. ನುಂಗಿಕೊಂಡಳು.

"ಮಾಡೆಲ್‌ಗೆ ತಪ್ಪು ಹೇಳಿಕೊಟ್ಟಿದ್ದು ನಾನು. ತಪ್ಪಾಯ್ತು ಕಣೋ."

ಆ ಕಡೆ ಡೇರೆಯ ಜಿಪ್ ಎಳೆದ ಸದ್ದು ಕೇಳಿಸಿತು.

"ನೀನೇ ತಪ್ಪಾಯ್ತು ಅಂತಿದೀಯ ಅಂದ್ರೆ ವಿಷಯ ಗಂಭೀರನೇ ಇರ್ಬೇಕು," ಎಂದ ತಮ್ಮ. "ಹೊರಟ್ವಿ."

ಮರುದಿನ ಹೊಸ ಚಿತ್ರ ಬಂತು. ಡೇರೆ ಇದ್ದ ಕಡೆ ಹಿಮ ಉದ್ದಕ್ಕೂ ಸೀಳಿ ಕಪ್ಪಗೆ ಬಾಯ್ಬಿಟ್ಟಿತ್ತು. ಮುಖ್ಯಸ್ಥರು ನೋಡಿ ಅವಳ ಪಕ್ಕದ ಕುರ್ಚಿಯಲ್ಲಿ ಕುಳಿತುಬಿಟ್ಟರು. ಅಷ್ಟರಲ್ಲಿ ಫೋನ್ ಬಂತು.

"ಬಂಡೆ ಮೇಲಿದೀವಿ ಅಕ್ಕ, ಎಲ್ರೂ ಇದೀವಿ. ಕಂಬಗಳು ಮಾತ್ರ ಹೋದ್ವು." ಆಮೇಲೆ ಕೇಳಿದ, "ನಿನ್ನೆ ಹೇಳಿದ್ದನ್ನ ಇನ್ನೊಂದ್ಸಲ ಹೇಳ್ತೀಯಾ? ಇವರ್ಯಾರೂ ನಂಬ್ತಿಲ್ಲ."

ಬೇರೆ ದಿನವಾಗಿದ್ದರೆ ಫೋನ್ ಕುಕ್ಕಿರುತ್ತಿದ್ದಳು. ಈಗ ಅದನ್ನು ಬಾಯಿಗೆ ಇನ್ನಷ್ಟು ಹತ್ತಿರ ಹಿಡಿದಳು.

"ತಪ್ಪಾಯ್ತು ಕಣೋ," ಎಂದಳು. ಅವನು ಸಾಕು ಎನ್ನುವವರೆಗೂ ಹೇಳುತ್ತಲೇ ಇದ್ದಳು.