ತಾಲೀಮಿನ ಪಾಠ

ಶಿಕ್ಷಣ ಇಲಾಖೆಯ ಸಾಹೇಬರು ಪಾಠ ನೋಡಲು ಬರುತ್ತಾರೆಂದರೆ ನಮ್ಮ ಶಾಲೆಗಳಲ್ಲಿ ಪಾಠ ಹಿಂದಿನ ದಿನವೇ ಮುಗಿದಿರುತ್ತದೆ. ಮರುದಿನ ನಡೆಯುವುದು ನಾಟಕ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಬೇಕಲ್ಲ!

ಹೊಸಹಳ್ಳಿ ಹೋಬಳಿಯ ಆ ಸರಕಾರಿ ಶಾಲೆಯಲ್ಲೂ ಹಾಗೆಯೇ ಆಯಿತು. ಅತಿಥಿ ಶಿಕ್ಷಕಿ ಅಮೃತಾ ಎಂಟನೇ ತರಗತಿಗೆ ಇಂಗ್ಲಿಷಿನ ಕ್ರಿಯಾವಿಶೇಷಣಗಳ ತಾಲೀಮು ಮಾಡಿಸಿದಳು. ಒಬ್ಬೊಬ್ಬರಿಗೆ ಒಂದೊಂದು ಪದ, ಅದನ್ನಷ್ಟೇ ಬಾಯಿಪಾಠ ಮಾಡಿದರೆ ಸಾಕು. ಓದಿನಲ್ಲಿ ಹಿಂದಿದ್ದ ಬೊಮ್ಮಮ್ಮನಿಗೆ ಮಾತ್ರ ಯಾವ ಪದವೂ ಸಿಗಲಿಲ್ಲ.

"ನಾಳಿ ನೀ ಅಡಿಗಿಮನಿಯಾಗ ಶಿವಮ್ಮಗ ಕೈಗೂಡಿಸವ್ವ. ಕ್ಲಾಸಿಗೆ ಬರಬ್ಯಾಡ" ಎಂದಳು ಅಮೃತಾ. ಹಾಗೆನ್ನುವಾಗ ಹುಡುಗಿಯ ಮುಖ ನೋಡಲಿಲ್ಲ.

ಕಲ್ಲೆದೆಯವಳಲ್ಲ ಅವಳು. ಆದರೆ ಹೆಡ್ ಮಾಸ್ತರ ಪಾಲಾಕ್ಷಪ್ಪ ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟಿದ್ದರು: "ಸಾಹೇಬ್ರು ಸೈ ಅಂದ್ರ ಮುಂದಿನ ವರ್ಷನೂ ನೀವ ಇರ್ತೀರಿ. ಇಲ್ಲಾಂದ್ರ ಕೊಟ್ಟೂರಿನಾಗ ಒಬ್ರು ಕಾಯಾಕತ್ಯಾರ." ಈ ಕೆಲಸ ಹೋದರೆ ಅಮೃತಾಳಿಗೆ ಬೇರೆ ದಾರಿ ಇರಲಿಲ್ಲ.

ಮರುದಿನ ಸಾಹೇಬರು ಬಂದು ಹಿಂದಿನ ಕುರ್ಚಿಯಲ್ಲಿ ಕೂತರು. ಅಮೃತಾ ಹಲಗೆಯ ಮೇಲೆ ಬರೆಯುತ್ತ ಶುರುಮಾಡಿದಳು. 'ಸ್ಲೋ' ಅಂದರೆ ನಿಧಾನ. ಅದರ ಬಾಲಕ್ಕೆ 'ಲಿ' ಹಚ್ಚಿದರೆ 'ಸ್ಲೋಲಿ', ನಿಧಾನವಾಗಿ. ಕೆಲಸ ಹೇಗೆ ನಡೆಯಿತೆಂದು ಹೇಳುವ ಪದ ಅದು. 'ಗುಡ್' ಮಾತ್ರ ಹಟಮಾರಿ, ಬಾಲ ಹಚ್ಚಿಸಿಕೊಳ್ಳದೆ 'ವೆಲ್' ಆಗಿಬಿಡುತ್ತದೆ. ಅವಳು ಕೇಳಿದ್ದಕ್ಕೆಲ್ಲ ಮಕ್ಕಳು ಪಟಪಟನೆ ಎದ್ದು ಉತ್ತರ ಕೊಟ್ಟರು. ಒಬ್ಬರೂ ತಡವರಿಸಲಿಲ್ಲ.

ಸಾಹೇಬರಿಗೆ ಅನುಮಾನ ಬಂದದ್ದೇ ಅದಕ್ಕೆ. ಎದ್ದು ಬಂದು ಹುಲುಗೇಶನೆಂಬ ಹುಡುಗನನ್ನು ನಿಲ್ಲಿಸಿದರು. "'ಕ್ವಿಕ್' ಏನಾಗತೈತಿ ಹೇಳು."

"ಹ್ಯಾಪಿಲಿ, ಸರ್" ಎಂದ ಹುಲುಗೇಶ. ಅವನ ಪಾಲಿಗೆ ಬಂದಿದ್ದ ಪದ ಅದೇ.

ಪಕ್ಕದವಳಿಗೆ 'ಸಾಫ್ಟ್' ಕೇಳಿದರು. ಅವಳು "ವೆಲ್, ಸರ್" ಎಂದಳು. ಬಾಗಿಲಲ್ಲಿ ನಿಂತಿದ್ದ ಪಾಲಾಕ್ಷಪ್ಪನವರ ಮುಖ ಕಪ್ಪಿಟ್ಟಿತು.

ಅಷ್ಟರಲ್ಲಿ, ಕಂಠಮಟ್ಟ ತುಂಬಿದ ಚಹಾದ ಲೋಟ ಹಿಡಿದು ಬೊಮ್ಮಮ್ಮ ಒಳಗೆ ಬಂದಳು. ಸಾಹೇಬರು ಅವಳ ಯೂನಿಫಾರ್ಮ್ ನೋಡಿದರು.

"ಇಕಿ ಯಾವ ಕ್ಲಾಸು?"

"ಅಡಿಗಿ ಶಿವಮ್ಮನ ಕಡಿಯಾಕೀರಿ" ಎಂದು ಪಾಲಾಕ್ಷಪ್ಪ ನಡುವೆ ಬಾಯಿ ಹಾಕಿದರು.

"ಇರ್ಲಿ. ಕೆಲಸ ಹೆಂಗ ನಡೀತು ಅನ್ನೋದ ಪಾಠ ಅಲ್ಲೇನ್ರಿ? ಹೆಂಗ ಬಂದ್ಲು ಅಂತ ಅಕೀನ ಹೇಳ್ಲಿ. ಕೇಳ್ರಿ ಮೇಡಮ್. ಕನ್ನಡದಾಗ ಕೇಳ್ರಿ, ಸಾಕು."

ಅಮೃತಾ ಕೇಳಲೇಬೇಕಾಯಿತು. "ಹೆಂಗ ಬಂದ್ಯವ್ವ, ಬೊಮ್ಮಮ್ಮ?"

"ಅಂಜಿಕೊಂತ ಬಂದೆ, ಮೇಡಮ್."

"ಯಾಕ?" ಎಂದರು ಸಾಹೇಬರು.

"ಇವತ್ತು ಕ್ಲಾಸಿಗೆ ಬರಬ್ಯಾಡ ಅಂದಿದ್ರು. ಶಿವಮ್ಮ ನೋಡಿದ್ರ, ಸಾಹೇಬ್ರಿಗೆ ಚಾ ಕೊಟ್ಟು ಬಾ ಅಂದ್ಲು."

"ತಿಳೀಲಾರದ ಹುಡುಗಿ ಸರ್, ಏನೇನೋ ಅಂತಾಳ" ಎಂದು ಪಾಲಾಕ್ಷಪ್ಪ ನಕ್ಕು, ಅಮೃತಾಳ ಕಡೆ ಕಣ್ಣು ಹಾಯಿಸಿದರು. ಅವಳು ಹೌದೆಂದು ತಲೆ ಆಡಿಸಿದರೆ ಸಾಕಿತ್ತು. ಕೊಟ್ಟೂರಿನವರು ಕೊಟ್ಟೂರಿನಲ್ಲೇ ಉಳಿಯುತ್ತಿದ್ದರು.

ತುಂಬಿದ ಲೋಟದಿಂದ ಬಿಸಿ ಚಹಾ ಹುಡುಗಿಯ ಬೆರಳ ಮೇಲೆ ತುಳುಕುತ್ತಿದ್ದರೂ ಅವಳು ಲೋಟ ಬಿಟ್ಟಿರಲಿಲ್ಲ. ಅಮೃತಾಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

"ಇಕಿ ನಮ್ಮ ಕ್ಲಾಸಿನಾಕಿ, ಸರ್. ನಾನ ಹೊರಗ ಕಳಿಸಿದ್ದೆ."

ಸಾಹೇಬರು ಏನೋ ಕೇಳಲು ಬಾಯಿ ತೆರೆದರು. ಅಮೃತಾ ಅವರತ್ತ ನೋಡಲಿಲ್ಲ. ನಿನ್ನೆ ನೋಡದ ಆ ಮುಖವನ್ನೇ ನೋಡಿ ಹೇಳಿದಳು:

"ನಾನೂ ಅಂಜಿಕೊಂತನ ಕಳಿಸಿದ್ನವ್ವ."

ಬೊಮ್ಮಮ್ಮ ಚಹಾದ ಲೋಟವನ್ನು ಹೆಡ್ ಮಾಸ್ತರ ಕೈಗೆ ಕೊಟ್ಟು, ತನ್ನ ಬೆಂಚಿಗೆ ಹೋಗಿ ಕೂತಳು.