ಬಿಲ್ಗಾಸಿಮ್ ಬೈಕು ತಳ್ಳಿದ ಸಂಜೆಗಳು

ಗಾಬೆಸ್ ಪಟ್ಟಣದ ಪ್ರಾಣಿಗಳ ಡಾಕ್ಟರು ರೀಮ್‌ಳ ಹಿಂಗಾಲಿನ ಮೂಳೆಗೆ ಲೋಹದ ಪಟ್ಟಿ ಕೂರಿಸಿ ಕಳಿಸುವಾಗ ಹೇಳಿದ್ದು ಇಷ್ಟೇ: "ಓಡೋಕೆ ಬಿಡಬೇಡಿ. ಒಂದು ಸಲ ಎಗರಿದ್ರೂ ಪಟ್ಟಿ ಕಿತ್ತು ಬರತ್ತೆ. ಆಮೇಲೆ ಕಾಲನ್ನೇ ತೆಗೀಬೇಕಾಗತ್ತೆ."

ಸ್ಲೂಗಿ ಬೇಟೆನಾಯಿಗೆ ಓಡಬೇಡ ಎನ್ನುವುದು! ಮರಳಿನಲ್ಲಿ ಮೊಲದ ಬೆನ್ನು ಹತ್ತಲೆಂದೇ ಹುಟ್ಟಿದ ಜಾತಿ ಅದು. ನಮ್ಮ ಕಡೆ ಅದನ್ನು ಬರೀ ನಾಯಿ ಎಂದು ಎಣಿಸುವವರು ಕಡಿಮೆ.

ಅಣ್ಣ ಮೆಹ್ರೆಝ್ ಬೈಕಿನಲ್ಲಿ ಖರ್ಜೂರದ ತೋಟಕ್ಕೆ ಹೋಗುವಾಗ ರೀಮ್ ಪಕ್ಕದಲ್ಲೇ ಓಡುತ್ತಿದ್ದಳು. ಲಾರಿ ಬಂದು ಹೊಡೆದ ದಿನವೂ ಹಾಗೆಯೇ ಓಡುತ್ತಿದ್ದಳು. ಅಣ್ಣನನ್ನು ಗಂಡಸರು ಮಣ್ಣಿಗೆ ಹೊತ್ತೊಯ್ದರು. ಹೆಂಗಸರಾದ ನಾವು ಹೊಸ್ತಿಲ ಒಳಗೇ ಉಳಿದೆವು. ಆ ಹೊತ್ತಿಗೆ ರೀಮ್‌ಳನ್ನು ಯಾರೋ ತರಕಾರಿ ವ್ಯಾನಿನಲ್ಲಿ ಗಾಬೆಸ್‌ಗೆ ಸಾಗಿಸಿದ್ದರು.

"ಅವಳೂ ನನ್ನ ಹಾಗೇನೇ," ಎಂದಿದ್ದಳು ಉಮ್ಮಿ, ನನ್ನ ತಾಯಿ. "ಮಣ್ಣು ಹಾಕಿದ್ದನ್ನ ನೋಡಿಲ್ಲ."

ಅದಾದ ಮೇಲೆ ಅವಳು ಅಣ್ಣನ ಹೆಸರೆತ್ತಲಿಲ್ಲ. ನಾನೂ ಎತ್ತಲಿಲ್ಲ. ಸ್ಫಾಕ್ಸ್‌ನಲ್ಲಿ ತತ್ವಶಾಸ್ತ್ರ ಓದಿ, ಕೆಲಸ ಸಿಗದೆ ಮನೆಗೆ ಮರಳಿದ್ದ ನನಗೂ ಅವಳಿಗೂ ನಡುವೆ ಆಡಲು ಉಳಿದ ಮಾತೆಲ್ಲ ರೀಮ್‌ಳ ಕಾಲಿನ ಬಗ್ಗೆಯೇ. ಹೊಲಿಗೆ ಒದ್ದೆಯಾಗಿದೆಯೇ, ಬಾವು ಇಳಿಯಿತೇ, ಗುಳಿಗೆಯನ್ನು ಖರ್ಜೂರದೊಳಗೆ ಇಟ್ಟು ಕೊಟ್ಟೆಯಾ. ರೀಮ್ ಹೊಲಿಗೆ ನೆಕ್ಕದಂತೆ ಉಮ್ಮಿ ಪ್ಲಾಸ್ಟಿಕ್ ಬಕೆಟ್ಟಿನ ತಳ ಕತ್ತರಿಸಿ ಕೊರಳಿಗೆ ತೊಡಿಸಿದಳು. ಅಂಗಳಕ್ಕೆ ಕರೆದೊಯ್ಯುವಾಗ ಹೊಟ್ಟೆಯ ಕೆಳಗೆ ಅಣ್ಣನ ರುಮಾಲು ಹಾಯಿಸಿ, ಎರಡೂ ತುದಿ ಎತ್ತಿ ಹಿಡಿದು, ಹಿಂದಿನ ಭಾರವನ್ನು ತಾನೇ ಹೊರುತ್ತಿದ್ದಳು. ಆ ರುಮಾಲನ್ನು ಒಗೆಯಲು ಕೊಡುತ್ತಿರಲಿಲ್ಲ.

"ನಾಯಿಗೆ ಇಷ್ಟು ಸೇವೆನಾ? ನಮಗೆ ಮೊಣಕಾಲು ನೋವು ಬಂದ್ರೆ ಕೇಳೋರಿಲ್ಲ," ಎಂದು ಗೋಡೆಯಾಚೆಯಿಂದ ಪಕ್ಕದ ಮನೆಯ ತರ್ಕಿಯಾ ಕೆಣಕಿದಳು.

"ನೀನೂ ಮೊಲ ಹಿಡಿದು ತಾ, ನಿನ್ನ ಕಾಲೂ ಒತ್ತುತೀನಿ," ಎಂದಳು ಉಮ್ಮಿ.

ಕಷ್ಟವೆಲ್ಲ ಸಂಜೆ. ಅಣ್ಣನ ಗೆಳೆಯ ಬಿಲ್ಗಾಸಿಮ್ ತೋಟದಿಂದ ನಮ್ಮ ಬಾಗಿಲ ಮುಂದೆಯೇ ಬೈಕಿನಲ್ಲಿ ಹಾಯಬೇಕು. ಇಬ್ಬರೂ ಜೊತೆಗೆ ಕೊಂಡ ಬೈಕುಗಳು, ಒಂದೇ ಸದ್ದು. ಮೊದಲೆಲ್ಲ ರೀಮ್ ಎರಡನ್ನೂ ಬೇರೆ ಬೇರೆ ಗುರುತಿಸುತ್ತಿದ್ದಳು. ಬಿಲ್ಗಾಸಿಮ್‌ನದಕ್ಕೆ ಕಿವಿಯನ್ನೂ ಅಲ್ಲಾಡಿಸುತ್ತಿರಲಿಲ್ಲ. ಈಗ ಅವಳಿಗೆ ಯಾವ ಬೈಕಿನ ಸದ್ದಾದರೂ ಸಾಕಿತ್ತು. ಬಕೆಟ್ಟನ್ನು ಗೋಡೆಗೆ ಬಡಿದುಕೊಳ್ಳುತ್ತ, ಮುಂಗಾಲು ಕೆರೆಯುತ್ತ ಏಳಲು ನೋಡುತ್ತಿದ್ದಳು. ನಾವಿಬ್ಬರೂ ಮೈಮೇಲೆ ಬಿದ್ದು ಹಿಡಿದುಕೊಳ್ಳಬೇಕಾಗುತ್ತಿತ್ತು. ಅವಳ ಎದೆ ಬಡಿಯುವುದು ನನ್ನ ಕೈಗೆ ತಾಗುತ್ತಿತ್ತು.

ಉಮ್ಮಿ ಬೀದಿಗಿಳಿದು ಬಿಲ್ಗಾಸಿಮ್‌ನನ್ನು ತಡೆದಳು.

"ಮಗಾ, ತರ್ಕಿಯಾ ಮನೆ ಮೂಲೇಲಿ ಎಂಜಿನ್ ಆರಿಸಿಬಿಡು. ನಮ್ಮ ಬಾಗಿಲು ದಾಟೋವರೆಗೆ ತಳ್ಳಿಕೊಂಡು ಹೋಗು."

"ಈ ಮರಳಲ್ಲಾ, ಖಾಲ್ತಿ?" ಉಮ್ಮಿ ಅವನಿಗೆ ಖಾಲ್ತಿ, ಎಂದರೆ ಚಿಕ್ಕಮ್ಮ.

"ನಿನ್ನ ಹೊಟ್ಟೆ ಕರಗತ್ತೆ."

ಅವನು ತಳ್ಳಿದ. ದಿನವೂ ತಳ್ಳಿದ. ದಣಿದು ಬಂದವನು ತಲೆ ತಗ್ಗಿಸಿ, ಮರಳಲ್ಲಿ ಚಕ್ರ ಹೂತು ಹೋಗುತ್ತ, ಉಸಿರು ಬಿಡುತ್ತ ಬಾಗಿಲ ಮುಂದೆ ಹಾಯುತ್ತಿದ್ದ. ಉಮ್ಮಿ ಒಂದು ಲೋಟ ಚಹಾ ಕೊಡುತ್ತಿದ್ದಳು.

"ಊರೆಲ್ಲಾ ನನ್ನ ಬೈಕು ಕೆಟ್ಟಿದೆ ಅಂತ ನಗ್ತಿದೆ, ಖಾಲ್ತಿ. ಹೆಣ್ಣು ಕೊಡೋರೂ ಹಿಂದೆ ಸರೀತಾರೆ."

"ಬೈಕಿಗೆ ಹೆಣ್ಣು ಕೊಡೋರು ನಿನಗ್ಯಾಕೆ? ಚಹಾ ಕುಡಿ."

ಚಳಿ ಮುಗಿಯುವ ಹೊತ್ತಿಗೆ ಡಾಕ್ಟರು ಮತ್ತೆ ಎಕ್ಸ್‌ರೇ ತೆಗೆದು ನೋಡಿ, ಮೂಳೆ ಕೂಡಿದೆ, ಇನ್ನು ಓಡಲಿ ಎಂದರು. ಮನೆಗೆ ಬಂದ ಉಮ್ಮಿ ಬಕೆಟ್ಟನ್ನು ಬಿಚ್ಚಿ ಎಸೆದಳು. ಅಂಗಳ ಗುಡಿಸಿದಳು. ಮುಖ ತೊಳೆದು ಕಣ್ಣಿಗೆ ಕಾಡಿಗೆ ಹಚ್ಚಿಕೊಂಡಳು. ಅಣ್ಣ ಹೋದ ಮೇಲೆ ಅವಳು ಕಾಡಿಗೆ ಮುಟ್ಟಿರಲಿಲ್ಲ.

"ಜಾಜಿಯಾ, ಹೋಗಿ ಬಿಲ್ಗಾಸಿಮ್‌ಗೆ ಹೇಳು. ಇವತ್ತು ಎಂಜಿನ್ ಆರಿಸ್ಬೇಡ, ಹಾಗೇ ಬಾ ಅಂತ."

ಕಾಲು ಪರೀಕ್ಷೆ ಮಾಡಲು ಇರಬೇಕು ಎಂದುಕೊಂಡು ಹೋಗಿ ಹೇಳಿ ಬಂದೆ.

ಸಂಜೆ ಉಮ್ಮಿ ಬಾಗಿಲ ಎರಡೂ ಕದಗಳನ್ನು ತೆರೆದು ಪಕ್ಕದಲ್ಲಿ ನಿಂತಳು. ದೂರದಲ್ಲಿ ಸದ್ದು ಕೇಳಿಸಿತು. ರೀಮ್ ತಲೆಯೆತ್ತಿದಳು. ಮರುಕ್ಷಣ ಅಂಗಳದಲ್ಲಿರಲಿಲ್ಲ. ಕುಂಟಲಿಲ್ಲ, ಎಡವಲಿಲ್ಲ, ಲೋಹದ ಪಟ್ಟಿ ಇದ್ದ ಕಾಲು ಉಳಿದ ಮೂರರ ಹಾಗೆಯೇ ನೆಲ ಮುಟ್ಟಿ ಎದ್ದಿತು. ಉಮ್ಮಿಯೂ ಎರಡು ಹೆಜ್ಜೆ ಅವಳ ಹಿಂದೆ ಓಡಿದ್ದನ್ನು ನಾನು ಕಂಡೆ.

ಬಿಲ್ಗಾಸಿಮ್ ಬೈಕು ನಿಲ್ಲಿಸಿದ. ರೀಮ್ ಅವನ ಮೊಣಕಾಲು ಮೂಸಿದಳು. ಚಪ್ಪಲಿ, ಸೀಟು, ಚಕ್ರ ಎಲ್ಲವನ್ನೂ ಮೂಸಿದಳು. ಬೈಕಿನ ಹಿಂದೆ ಹೋಗಿ ಖಾಲಿ ದಾರಿಯತ್ತ ಬಹಳ ಹೊತ್ತು ನೋಡಿದಳು. ಆಮೇಲೆ ತಲೆ ತಗ್ಗಿಸಿ ಉಮ್ಮಿಯ ಪಕ್ಕದಿಂದಲೇ ಒಳಗೆ ಹೋಗಿ, ಬಾಗಿಲಿಗೆ ಬೆನ್ನು ಮಾಡಿ ಮಲಗಿದಳು.

"ಕಾಲು ಸರಿಯಾಗಿದೆ," ಎಂದಳು ಉಮ್ಮಿ. ಕದ ಮುಚ್ಚಿದಳು. ಆ ಸಂಜೆ ಚಹಾ ಇಡಲಿಲ್ಲ.

ಮರುದಿನ ಸಂಜೆ ಎಂಜಿನ್ನಿನ ಸದ್ದು ಬರಲಿಲ್ಲ. ಮರಳಲ್ಲಿ ಚಕ್ರ ಹೂತು ಏಳುವ ಸದ್ದು ಬಂತು. ನಾನು ಹೊರಗೆ ಹೋದೆ. ಬಿಲ್ಗಾಸಿಮ್ ತಲೆ ತಗ್ಗಿಸಿ ತಳ್ಳುತ್ತಿದ್ದ.

"ಇನ್ನು ತಳ್ಳೋದು ಬೇಡ ಮಾರಾಯ. ಅವಳು ಓಡಿದ್ದನ್ನ ನೀನೇ ನೋಡಿದ್ಯಲ್ಲ."

"ನೋಡಿದೆ," ಎಂದ. "ಖಾಲ್ತಿ ಓಡಿದ್ದನ್ನೂ ನೋಡಿದೆ."

ಅವನು ಬಾಗಿಲು ದಾಟುವವರೆಗೆ ತಳ್ಳಿಕೊಂಡೇ ಹೋದ. ಒಳಗೆ ಉಮ್ಮಿ ಚಹಾದ ಪಾತ್ರೆಯನ್ನು ಕೆಂಡದ ಮೇಲಿಡುವ ಸದ್ದು ಕೇಳಿಸಿತು.